ಲೂಕ 1:15ರ ‘ಸಿಕೆರಾ’: ಪದದ ಅರ್ಥವೂ ಮದ್ಯವರ್ಜನೆಯ ದೇವಶಾಸ್ತ್ರವೂ

ದೇವಾಲಯದಲ್ಲಿ ಧೂಪ ಹಾಕುತ್ತಿದ್ದ ಯಾಜಕನಾದ ಜಕರೀಯನಿಗೆ ಗಬ್ರಿಯೇಲ ದೂತನು ಪ್ರತ್ಯಕ್ಷನಾಗಿ, ಹುಟ್ಟಲಿರುವ ಮಗನ ವಿಷಯದಲ್ಲಿ ಮೂರು ಸಂಗತಿಗಳನ್ನು ಒಂದೇ ಉಸಿರಿನಲ್ಲಿ ತಿಳಿಸುತ್ತಾನೆ. ಅವನು ಕರ್ತನ ದೃಷ್ಟಿಯಲ್ಲಿ ದೊಡ್ಡವನಾಗುವನು; ಅವನು ಎರಡು ಬಗೆಯ ಪಾನೀಯಗಳನ್ನು ಎಂದಿಗೂ ಮುಟ್ಟುವುದಿಲ್ಲ; ಅವನು ತಾಯಿಯ ಗರ್ಭದಿಂದಲೇ ಪವಿತ್ರಾತ್ಮಭರಿತನಾಗಿರುವನು. ಆ ಎರಡು ಪಾನೀಯಗಳಲ್ಲಿ ಮೊದಲನೆಯದಾದ ‘ಒಯ್ನೊಸ್’ ಎಂಬುದು ಗ್ರೀಕರು ನಿತ್ಯವೂ ಬಳಸುತ್ತಿದ್ದ, ದ್ರಾಕ್ಷಿಯ ಮದ್ಯವನ್ನು ಸೂಚಿಸುವ ಪದ. ಎರಡನೆಯದಾದ ‘ಸಿಕೆರಾ’ ಗ್ರೀಕ್ ಪದವೇ ಅಲ್ಲ. ಹೊಸ ಒಡಂಬಡಿಕೆಯಲ್ಲಿ ಅದು ಇದೊಂದೇ ವಚನದಲ್ಲಿ ಬರುತ್ತದೆ.

ಒಂದೇ ಬಾರಿ ಬರುವ ಪರಭಾಷೆಯ ಪದವೊಂದಕ್ಕೆ ಇಷ್ಟು ವಿಚಾರಣೆ ಏಕೆಂದು ಯಾರಾದರೂ ಕೇಳಬಹುದು. ನಮ್ಮ ಸಭೆಗಳಲ್ಲಿ ಸಭಾಪಾಲಕರಾಗಿ ಸೇವೆಮಾಡುವವರಿಗೆ ಕಾರಣವು ತಿಳಿದೇ ಇದೆ. ಕುಡಿತದಿಂದ ಹಾಳಾದ ಮನೆಯ ಹೆಂಗಸು ಕಣ್ಣೀರಿಡುತ್ತಾ, ಸತ್ಯವೇದವು ಇದನ್ನು ನಿಷೇಧಿಸಿದೆಯಲ್ಲವೇ ಎಂದು ಕೇಳುತ್ತಾಳೆ. ಅದೇ ಮನೆಯ ಗಂಡಸು, ಯೇಸುವೇ ದ್ರಾಕ್ಷಾರಸವನ್ನು ಉಂಟುಮಾಡಿದನಲ್ಲವೇ ಎಂದು ಮರುಪ್ರಶ್ನೆ ಹಾಕುತ್ತಾನೆ. ಇಬ್ಬರಿಗೂ ಉತ್ತರ ಹೇಳಬೇಕಾದ ಬೋಧಕನು ಆತುರದಲ್ಲಿ ಪದಗಳನ್ನು ತನ್ನ ಉದ್ದೇಶಕ್ಕೆ ಬಗ್ಗಿಸುವ ಶೋಧನೆಗೆ ಒಳಗಾಗುತ್ತಾನೆ. ವಾಕ್ಯಕ್ಕೆ ವಂಚನೆಯಾಗದಂತೆ, ಆ ಹೆಂಗಸಿನ ಕಣ್ಣೀರಿಗೂ ವಂಚನೆಯಾಗದಂತೆ ಹೇಗೆ ಬೋಧಿಸಬೇಕು ಎಂಬುದೇ ಈ ಲೇಖನದ ಹಿಂದಿರುವ ಪ್ರಶ್ನೆ.

ಪದದ ಮೂಲ

ಇಬ್ರಿಯ ಭಾಷೆಯಲ್ಲಿ ‘ಶಾಖರ್’ ಎಂದರೆ ಅಮಲೇರು, ಮತ್ತನಾಗು. ಈ ಧಾತುವಿನಿಂದ ಹುಟ್ಟಿದ ನಾಮಪದವೇ ‘ಶೇಖಾರ್’, ಅಂದರೆ ಅಮಲೇರಿಸುವ ಪಾನೀಯ. ಕುಡುಕನಿಗೆ ‘ಶಿಕ್ಕೋರ್’ ಎಂಬ ಹೆಸರು ಬಂದಿರುವುದೂ ಇದರಿಂದಲೇ. ಬಾಬೆಲಿನ ಅಕ್ಕಾಡಿಯ ಭಾಷೆಯಲ್ಲಿ ಇದಕ್ಕೆ ಸಹೋದರ ಪದವಾದ ‘ಶಿಕಾರು’ ಬಾರ್ಲಿಯಿಂದ ಮಾಡಿದ ಬಿಯರಿಗೆ ಸಲ್ಲುತ್ತಿತ್ತು. ಮುಂದಿನ ಕಾಲದಲ್ಲಿ ಅಲ್ಲಿ ಖರ್ಜೂರದ ಪಾನೀಯವೂ ಅದೇ ಹೆಸರಿನಿಂದ ಪ್ರಚಾರಕ್ಕೆ ಬಂದಿತು.

ಗ್ರೀಕ್ ರೂಪವಾದ ‘ಸಿಕೆರಾ’ ನೇರವಾಗಿ ಇಬ್ರಿಯದಿಂದ ಬಂದಂತೆ ತೋರುವುದಿಲ್ಲ. ಕೊನೆಯಲ್ಲಿರುವ ‘ಆ’ಕಾರವು ಅರಾಮೀಯ ಭಾಷೆಯ ನಿಶ್ಚಯಾರ್ಥಕ ಪ್ರತ್ಯಯವಾಗಿದೆ, ‘ಶಿಕ್ರಾ’ ಎಂಬ ಅರಾಮೀಯ ರೂಪವೇ ಗ್ರೀಕ್ ನಾಲಗೆಯಲ್ಲಿ ‘ಸಿಕೆರಾ’ ಆಯಿತು. ಗ್ರೀಕಿನಲ್ಲಿ ಶಕಾರವಿಲ್ಲದ ಕಾರಣ ಸಕಾರವು ಆ ಸ್ಥಾನವನ್ನು ತೆಗೆದುಕೊಂಡಿತು. ಈ ಪದಕ್ಕೆ ಗ್ರೀಕಿನಲ್ಲಿ ವಿಭಕ್ತಿ ಪ್ರತ್ಯಯಗಳು ಹತ್ತುವುದಿಲ್ಲ. ಎಲ್ಲ ವಿಭಕ್ತಿಗಳಲ್ಲಿಯೂ ಒಂದೇ ರೂಪದಲ್ಲಿ ಉಳಿಯುತ್ತದೆ. ಮನೆಗೆ ಬಂದ ಅತಿಥಿ ಮನೆಯವನಾಗದೆ ಉಳಿದಂತೆ, ಈ ಪದವೂ ಗ್ರೀಕಿನಲ್ಲಿ ಪರಕೀಯವಾಗಿಯೇ ಉಳಿಯಿತು. ಸುರಿಯಾನಿ ಭಾಷೆಯ ಪೆಶೀತ್ತಾ ಭಾಷಾಂತರವು ಲೂಕ 1:15ನ್ನು ಅನುವಾದಿಸುವಾಗ ‘ಶಕ್ರಾ’ ಎಂದು ಬರೆದು, ಪದವನ್ನು ತನ್ನ ತೌರುಮನೆಗೆ ಹಿಂದಿರುಗಿಸಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಧ್ವನಿಯ ಹೋಲಿಕೆಯನ್ನು ಹಿಡಿದು ‘ಶೇಖಾರ್’ ಪದವನ್ನು ಸಕ್ಕರೆಯೊಂದಿಗೆ ಜೋಡಿಸಿ, ಅದು ಕೇವಲ ಸಿಹಿ ಪಾನಕವೆಂದು ವಾದಿಸುವವರಿದ್ದಾರೆ. ಸಕ್ಕರೆಗೆ ಪಾಶ್ಚಾತ್ಯ ಭಾಷೆಗಳಲ್ಲಿರುವ ಹೆಸರುಗಳು ಸಂಸ್ಕೃತದ ‘ಶರ್ಕರಾ’ ಎಂಬುದರಿಂದ ಹುಟ್ಟಿದವು. ಅಮಲಿನ ಅರ್ಥವುಳ್ಳ ಸೆಮಿಟಿಕ್ ಧಾತುವಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮದೇ ಭಾಷಾ ಪರಂಪರೆಗೆ ಸೇರಿದ ಪದದ ವಿಷಯದಲ್ಲಿ ನಾವಾದರೂ ಈ ತಪ್ಪನ್ನು ಮಾಡಬಾರದು.

ಸೆಪ್ಟುಅಜಿಂಟಿನ ಸಾಕ್ಷಿ

ಲೂಕನು ಈ ಪದವನ್ನು ಸಂತೆಬೀದಿಯಿಂದ ಎತ್ತಿಕೊಂಡವನಲ್ಲ. ಇಬ್ರಿಯ ಶಾಸ್ತ್ರಗಳ ಗ್ರೀಕ್ ಭಾಷಾಂತರವಾದ ಸೆಪ್ಟುಅಜಿಂಟಿನಿಂದ ಅದನ್ನು ಪಡೆದನು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂದ್ರಿಯದಲ್ಲಿ ಪಂಚಗ್ರಂಥಗಳನ್ನು ಅನುವಾದಿಸಿದವರು ‘ಶೇಖಾರ್’ ಬಂದ ಕಡೆಗಳಲ್ಲಿ ‘ಸಿಕೆರಾ’ ಎಂದೇ ಬರೆದರು. ಯಾಜಕಕಾಂಡ 10:9, ಅರಣ್ಯಕಾಂಡ 6:3 ಮತ್ತು 28:7, ಧರ್ಮೋಪದೇಶಕಾಂಡ 14:26 ಮತ್ತು 29:6 ಈ ಸ್ಥಳಗಳು. ಯೆಶಾಯನ ಅನುವಾದಕನೂ 5:11, 5:22, 24:9, 28:7 ಮುಂತಾದ ಕಡೆಗಳಲ್ಲಿ ಅದೇ ಪದವನ್ನು ಉಳಿಸಿಕೊಂಡನು.

ಆದರೆ ಎಲ್ಲ ಅನುವಾದಕರೂ ಹೀಗೆ ಮಾಡಲಿಲ್ಲ. ಹನ್ನಳ ಕಥೆಯನ್ನು ಅನುವಾದಿಸಿದವನು ‘ಮೆಥುಸ್ಮ’, ಅಂದರೆ ಅಮಲಿನ ಪಾನೀಯ ಎಂಬ ಗ್ರೀಕ್ ಪದವನ್ನು ಬಳಸಿದನು. ಜ್ಞಾನೋಕ್ತಿಗಳನ್ನು ಅನುವಾದಿಸಿದವನು 31ನೆಯ ಅಧ್ಯಾಯದಲ್ಲಿ ‘ಮೆಥೆ’, ಅಂದರೆ ಅಮಲು ಎಂದೇ ಬರೆದನು. ಒಂದೇ ಇಬ್ರಿಯ ಪದಕ್ಕೆ ಇಷ್ಟು ಪರ್ಯಾಯಗಳು ಹುಟ್ಟಿದುದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆ ಪಾನೀಯದ ಗುರುತು ಅದನ್ನು ಮಾಡುವ ಧಾನ್ಯದಲ್ಲಿಯೋ ಹಣ್ಣಿನಲ್ಲಿಯೋ ಇರಲಿಲ್ಲ. ಅದು ಕುಡಿಯುವವನಲ್ಲಿ ಉಂಟುಮಾಡುವ ಪರಿಣಾಮದಲ್ಲಿತ್ತು.

ಇನ್ನೊಂದು ಸೂಕ್ಷ್ಮವನ್ನು ಗಮನಿಸೋಣ. ಐಗುಪ್ತದಲ್ಲಿ ಬಾರ್ಲಿಯ ಬಿಯರ್ ನಿತ್ಯದ ಪಾನೀಯವಾಗಿತ್ತು. ಗ್ರೀಕರು ಅದನ್ನು ‘ಜೂಥೊಸ್’ ಎಂದು ಕರೆಯುತ್ತಿದ್ದರು. ಯೆಶಾಯನ ಗ್ರೀಕ್ ಅನುವಾದಕನಿಗೆ ಈ ಪದ ಗೊತ್ತಿತ್ತು. ಐಗುಪ್ತದ ಮೇಲಣ ದೈವೋಕ್ತಿಯಲ್ಲಿ, 19:10ರಲ್ಲಿ, ಬಿಯರ್ ತಯಾರಿಸುವವರ ದುಃಖವನ್ನು ಹೇಳುವಾಗ ಅವನು ಅದನ್ನೇ ಬಳಸುತ್ತಾನೆ. ಹೀಗಿದ್ದೂ ‘ಶೇಖಾರ್’ ಬಂದಾಗ ಅವನು ಆ ಪದದ ಕಡೆಗೆ ತಿರುಗುವುದಿಲ್ಲ. ಆದುದರಿಂದ ‘ಸಿಕೆರಾ’ ಎಂದರೆ ಬಿಯರ್ ಮಾತ್ರ ಎಂದು ಖಚಿತವಾಗಿ ಹೇಳುವುದು ಅವಸರದ ತೀರ್ಮಾನವಾಗುತ್ತದೆ.

ಅದು ಯಾವ ಪಾನೀಯ?

ಪ್ರಾಚೀನ ವ್ಯಾಖ್ಯಾನಕಾರರೂ ಇದರಲ್ಲಿ ಒಂದೇ ಅಭಿಪ್ರಾಯದವರಲ್ಲ. ಅರಾಮೀಯ ಭಾಷೆಯ ಒಂಕೆಲೋಸ್ ತರ್ಗುಮ್ ನಾಜೀರರ ನಿಯಮವನ್ನು ಅನುವಾದಿಸುವಾಗ ಈ ಜೋಡಿ ಪದಗಳನ್ನು ಹೊಸ ದ್ರಾಕ್ಷಾರಸ, ಹಳೆಯ ದ್ರಾಕ್ಷಾರಸ ಎಂದು ಅರ್ಥಮಾಡಿಕೊಂಡಿತು. ಅಂತಿಯೋಕ್ಯದಲ್ಲಿ ಬೆಳೆದ ಕ್ರಿಸೊಸ್ತೊಮನು ಯೆಶಾಯನ 5ನೆಯ ಅಧ್ಯಾಯವನ್ನು ವ್ಯಾಖ್ಯಾನಿಸುವಾಗ ಅದನ್ನು ಖರ್ಜೂರದ ಹಣ್ಣನ್ನು ಜಜ್ಜಿ ತೆಗೆದ ರಸದ ಮದ್ಯವೆಂದನು. ಇಬ್ರಿಯವನ್ನು ಬಲ್ಲ ಜೆರೋಮನು ನೆಪೋತಿಯಾನನೆಂಬ ಯಾಜಕನಿಗೆ 394ರಲ್ಲಿ ಬರೆದ ಪತ್ರದಲ್ಲಿ ಇನ್ನೂ ವಿಶಾಲವಾದ ವಿವರಣೆಯನ್ನು ಕೊಟ್ಟನು. ಧಾನ್ಯದಿಂದಾಗಲಿ, ಸೇಬಿನಂಥ ಹಣ್ಣುಗಳ ರಸದಿಂದಾಗಲಿ, ಜೇನಿನಿಂದಾಗಲಿ, ಖರ್ಜೂರದಿಂದಾಗಲಿ ಮಾಡಿದ, ಅಮಲೇರಿಸುವ ಯಾವ ಪಾನೀಯವಾದರೂ ಈ ಹೆಸರಿನೊಳಗೆ ಸೇರುತ್ತದೆಂಬುದು ಅವನ ಮತ.

ಜೆರೋಮನ ಲತೀನ್ ಸತ್ಯವೇದದಲ್ಲಿ ಉಳಿದ ‘ಸಿಕೇರಾ’ ಎಂಬ ರೂಪವು ಮುಂದೆ ಫ್ರೆಂಚ್ ನಾಡಿನಲ್ಲಿ ಸೇಬಿನ ಮದ್ಯಕ್ಕೆ ಹೆಸರಾಗಿ, ಅಲ್ಲಿಂದ ಇಂಗ್ಲಿಷಿಗೆ ‘ಸೈಡರ್’ ಆಗಿ ದಾಟಿತು. 14ನೆಯ ಶತಮಾನದ ವಿಕ್ಲಿಫನ ಇಂಗ್ಲಿಷ್ ಸತ್ಯವೇದದಲ್ಲಿ ಯೋಹಾನನು ಕುಡಿಯದೆ ಇದ್ದುದು ದ್ರಾಕ್ಷಾರಸ ಮತ್ತು ‘ಸಿದಿರ್’. ಯೂದಾಯದ ಅರಣ್ಯದ ಪ್ರವಾದಿಯೊಬ್ಬನು ಸೇಬಿನ ತೋಟಗಳ ನಾಡಿನ ಪಾನೀಯವನ್ನು ತೊರೆದವನಾಗಿ ಕಾಣಿಸಿಕೊಂಡನು. ಪ್ರತಿಯೊಂದು ನಾಡೂ ತನಗೆ ತಿಳಿದಿರುವ ಪಾತ್ರೆಯನ್ನೇ ಈ ಪದದಲ್ಲಿ ಕಂಡುಕೊಳ್ಳುತ್ತದೆ ಎಂಬುದಕ್ಕೆ ಇದು ನಿದರ್ಶನ.

ಒಟ್ಟಾರೆ ಹೇಳುವುದಾದರೆ, ‘ಸಿಕೆರಾ’ ಎಂಬುದು ‘ಒಯ್ನೊಸ್’ ಪಕ್ಕದಲ್ಲಿ ಬಂದಾಗ, ದ್ರಾಕ್ಷಿಯದಲ್ಲದ ಹುಳಿಯಿಸಿದ ಅಮಲಿನ ಪಾನೀಯಗಳನ್ನು ಒಟ್ಟುಗೂಡಿಸುತ್ತದೆ. ಜೋಡಿಯಾಗಿ ಬಳಸಿದಾಗ ಅಮಲಿನ ಪಾನೀಯಗಳೆಲ್ಲವೂ ಸೇರಿದವು, ಯಾವುದೂ ಹೊರಗುಳಿಯಲಿಲ್ಲ.

ಭಾಷಾಂತರದ ಎರಡು ತೊಡಕುಗಳು

16ನೆಯ ಶತಮಾನದಲ್ಲಿ ಲೂಥರನೂ ಟಿಂಡೇಲನೂ ಈ ಪದವನ್ನು ‘ತೀಕ್ಷ್ಣವಾದ ಪಾನೀಯ’ ಎಂಬ ಅರ್ಥ ಬರುವಂತೆ ಅನುವಾದಿಸಿದರು. ಅಂದಿನಿಂದ ಅನೇಕರು ‘ಸಿಕೆರಾ’ ದ್ರಾಕ್ಷಾರಸಕ್ಕಿಂತಲೂ ಬಲವಾದ ಪಾನೀಯವೆಂದು ಭಾವಿಸಿ, ಸಾರಾಯಿ, ಬ್ರಾಂದಿಗಳನ್ನು ನೆನೆಯುತ್ತಾರೆ. ಇದು ಸರಿಯಲ್ಲ. ಬಟ್ಟಿಯಿಳಿಸಿದ ಮದ್ಯವು ಸತ್ಯವೇದದ ಕಾಲದ ಜನರ ಪಾನೀಯವಾಗಿರಲಿಲ್ಲ. ಕೇವಲ ಹುಳಿಯಿಸಿದ ಪಾನೀಯದಲ್ಲಿ ಮದ್ಯಸಾರದ ಪ್ರಮಾಣವು ಶೇಕಡಾ 15ರ ಆಸುಪಾಸಿಗೆ ಬರುವಷ್ಟರಲ್ಲಿ ಕಿಣ್ವವೇ ನಿಷ್ಕ್ರಿಯವಾಗುತ್ತದೆ. ಬಿಯರಿನಲ್ಲಂತೂ ಅದು ಬಹಳ ಕಡಮೆ. ಸಾರಾಯಿಯಲ್ಲಿ ಅದರ ಎರಡು ಮೂರು ಪಟ್ಟು ಇರುತ್ತದೆ. ಇದರಿಂದ ಎರಡು ಪಾಠಗಳಿವೆ. ಸತ್ಯವೇದದ ‘ಮದ್ಯ’ವನ್ನು ಇಂದಿನ ಸಾರಾಯಿಯೊಂದಿಗೆ ಸಮೀಕರಿಸಿ ನಿಷೇಧದ ವಾದ ಹೂಡುವುದು ಸರಿಯಲ್ಲ. ಹಾಗೆಯೇ, ಸತ್ಯವೇದದ ಜನರು ಕುಡಿದರಲ್ಲಾ ಎಂದು ಹೇಳಿ ಇಂದಿನ ಸಾರಾಯಿಗೆ ಸಮರ್ಥನೆ ಹುಡುಕುವುದೂ ಸರಿಯಲ್ಲ. ಎಂಟು ಹತ್ತು ಪಾತ್ರೆ ಬಿಯರಿಗೂ ಜನರು ಮತ್ತರಾಗುತ್ತಾರೆಂದು ಪ್ರವಾದಿಗಳು ಎಚ್ಚರಿಸಿದ್ದರೆ, ಅರ್ಧ ಸೀಸೆಯಲ್ಲಿ ಅದೇ ಗತಿ ತರುವ ಪಾನೀಯದ ವಿಷಯದಲ್ಲಿ ಎಚ್ಚರಿಕೆಯು ಹೆಚ್ಚಾಗಬೇಕೇ ಹೊರತು ಕಡಮೆಯಾಗಬಾರದು.

ಎರಡನೆಯ ತೊಡಕು ನಮ್ಮ ಕನ್ನಡದ್ದೇ. ‘ದ್ರಾಕ್ಷಾರಸ’ ಎಂಬ ಪದವನ್ನು ಅಕ್ಷರಶಃ ಬಿಡಿಸಿದರೆ ದ್ರಾಕ್ಷಿಯ ರಸ ಎಂದಷ್ಟೇ ಆಗುತ್ತದೆ. ಹುಳಿಯಿಸಿದ ಸಂಗತಿ ಅದರಲ್ಲಿ ಕಾಣುವುದಿಲ್ಲ. ಅದರ ಪಕ್ಕದಲ್ಲಿ ‘ಮದ್ಯ’ ಎಂದು ಓದಿದಾಗ, ಮೊದಲನೆಯದು ಅಮಲಿಲ್ಲದ ಪಾನಕವೆಂದೂ ಎರಡನೆಯದು ಮಾತ್ರ ಅಮಲಿನದೆಂದೂ ಓದುಗನಿಗೆ ತೋರಬಹುದು. ಇಬ್ರಿಯದ ‘ಯಾಯಿನ್’ ಮತ್ತು ಗ್ರೀಕಿನ ‘ಒಯ್ನೊಸ್’ ಹುಳಿಯಿಸಿದ ದ್ರಾಕ್ಷಾರಸವೇ. ನೋಹನು ಮತ್ತನಾದದ್ದು ‘ಯಾಯಿನ್’ ಕುಡಿದು. ನಾಜೀರರ ನಿಯಮದಲ್ಲಿ ತಾಜಾ ದ್ರಾಕ್ಷಿಯ ರಸವನ್ನು ಬೇರೆಯಾಗಿ ಹೆಸರಿಸಿ ನಿಷೇಧಿಸಿರುವುದೇ, ‘ಯಾಯಿನ್’ ಅದಕ್ಕಿಂತ ಭಿನ್ನವೆಂಬುದಕ್ಕೆ ಸಾಕ್ಷಿ. ಆದುದರಿಂದ ಯೋಹಾನನು ತೊರೆದ ಎರಡೂ ಪಾನೀಯಗಳು ಅಮಲಿನವೇ ಎಂದು ಸಭೆಗೆ ತಿಳಿಸುವುದು ಬೋಧಕನ ಕರ್ತವ್ಯ.

ವರ್ಜನೆಯ ನಾಲ್ಕು ನೆಲೆಗಳು

ಹಳೆಯ ಒಡಂಬಡಿಕೆಯಲ್ಲಿ ದ್ರಾಕ್ಷಾರಸ ಮತ್ತು ‘ಶೇಖಾರ್’ಗಳ ವರ್ಜನೆಯು ಮುಖ್ಯವಾಗಿ ನಾಲ್ಕು ನೆಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಮೊದಲನೆಯದು ಯಾಜಕನದು. ನಾದಾಬ್ ಮತ್ತು ಅಬೀಹು ಅನ್ಯವಾದ ಬೆಂಕಿಯನ್ನು ತಂದು ಸತ್ತ ಪ್ರಸಂಗವಾದ ಕೂಡಲೇ, ದೇವದರ್ಶನದ ಗುಡಾರವನ್ನು ಪ್ರವೇಶಿಸುವಾಗ ಇವುಗಳನ್ನು ಕುಡಿಯಬಾರದೆಂದು ಆರೋನನಿಗೆ ಆಜ್ಞೆಯಾಗುತ್ತದೆ. ಕಾರಣವೂ ಅಲ್ಲಿಯೇ ಇದೆ. ಯಾಜಕನು ಪರಿಶುದ್ಧವಾದದ್ದನ್ನೂ ಸಾಧಾರಣವಾದದ್ದನ್ನೂ ವಿವೇಚಿಸಬೇಕು. ಜನರಿಗೆ ಧರ್ಮವನ್ನು ಬೋಧಿಸಬೇಕು. ನಿಷೇಧವು ಪಾನೀಯದ ಅಶುದ್ಧತೆಯಿಂದ ಹುಟ್ಟಿದ್ದಲ್ಲ. ಕರ್ತವ್ಯದ ಗಾಂಭೀರ್ಯದಿಂದ ಹುಟ್ಟಿದ್ದು. ಯೆಶಾಯ 28:7ರಲ್ಲಿ ಯಾಜಕನೂ ಪ್ರವಾದಿಯೂ ಅಮಲಿನಲ್ಲಿ ತೂರಾಡಿ ದರ್ಶನದಲ್ಲಿಯೂ ತೀರ್ಪಿನಲ್ಲಿಯೂ ತಪ್ಪುವ ಚಿತ್ರವು ಈ ಆಜ್ಞೆಯ ಮರುಮುಖ.

ಎರಡನೆಯದು ಅರಸನದು. ಜ್ಞಾನೋಕ್ತಿ 31ರಲ್ಲಿ ಲೆಮೂವೇಲನ ತಾಯಿ, ಕುಡಿದ ಅರಸನು ಶಾಸನವನ್ನು ಮರೆತು ಬಡವರ ನ್ಯಾಯವನ್ನು ಕೆಡಿಸುವನೆಂದು ಎಚ್ಚರಿಸುತ್ತಾಳೆ. ಯೆಶಾಯ 5ನೆಯ ಅಧ್ಯಾಯದಲ್ಲಿ ಕುಡಿತದಲ್ಲಿ ಶೂರರಾದವರೇ ಲಂಚಕ್ಕಾಗಿ ದೋಷಿಯನ್ನು ನಿರ್ದೋಷಿಯೆಂದು ತೀರ್ಪುಮಾಡುವವರು. ಪ್ರವಾದಿಗೆ ಕುಡಿತವು ಖಾಸಗಿ ದೋಷ ಮಾತ್ರವಲ್ಲ. ಅದರ ಬೆಲೆಯನ್ನು ತೆರುವವನು ಬಾಗಿಲ ಹೊರಗೆ ನಿಂತಿರುವ ಬಡವನು.

ಮೂರನೆಯದು ನಾಜೀರನದು. ಅರಣ್ಯಕಾಂಡ 6ನೆಯ ಅಧ್ಯಾಯದಂತೆ ಗಂಡಸಾಗಲಿ ಹೆಂಗಸಾಗಲಿ ಸ್ವಇಚ್ಛೆಯಿಂದ ಈ ವ್ರತವನ್ನು ಕೈಕೊಳ್ಳಬಹುದು. ದ್ರಾಕ್ಷಾರಸ, ಮದ್ಯ, ಅವುಗಳ ಹುಳಿರಸ, ದ್ರಾಕ್ಷಿಯ ಹಣ್ಣು, ಬೀಜ, ಸಿಪ್ಪೆ ಎಲ್ಲವೂ ವರ್ಜ್ಯ. ತಲೆಗೆ ಕ್ಷೌರದ ಕತ್ತಿ ತಾಗಬಾರದು. ಶವದ ಹತ್ತಿರ ಹೋಗಬಾರದು. ಆದರೆ ವ್ರತದ ದಿನಗಳು ತೀರಿ ಯಜ್ಞಗಳು ಮುಗಿದ ಮೇಲೆ ನಾಜೀರನು ದ್ರಾಕ್ಷಾರಸವನ್ನು ಕುಡಿಯಬಹುದೆಂದು 20ನೆಯ ವಚನವು ಸ್ಪಷ್ಟವಾಗಿ ಹೇಳುತ್ತದೆ. ಪಾನೀಯವು ಪಾಪಸ್ವರೂಪವಾಗಿದ್ದರೆ ವ್ರತದ ಕೊನೆಯಲ್ಲಿ ಅದಕ್ಕೆ ಅನುಮತಿ ಸಿಗುತ್ತಿರಲಿಲ್ಲ.

ನಾಲ್ಕನೆಯದು ಅರಣ್ಯದಲ್ಲಿ ಅಲೆದ ಜನಾಂಗದ್ದು. ಧರ್ಮೋಪದೇಶಕಾಂಡ 29:6ರಲ್ಲಿ ಮೋಶೆಯು, ನಲವತ್ತು ವರ್ಷ ರೊಟ್ಟಿಯೂ ದ್ರಾಕ್ಷಾರಸವೂ ಮದ್ಯವೂ ಇಲ್ಲದೆ ಬದುಕಿದ್ದು ದೇವರನ್ನು ತಿಳಿಯುವುದಕ್ಕಾಗಿ ಎಂದು ನೆನಪಿಸುತ್ತಾನೆ. ಇಲ್ಲಿ ವರ್ಜನೆಯು ದೇವರ ಮೇಲಣ ಅವಲಂಬನೆಯ ಪಾಠಶಾಲೆ.

ಇವುಗಳ ಜೊತೆಗೆ ಬೋಧಕರು ಹೆಚ್ಚಾಗಿ ಬಿಟ್ಟುಬಿಡುವ ಎರಡು ವಚನಗಳನ್ನು ಇಡಬೇಕು. ಅರಣ್ಯಕಾಂಡ 28:7ರಂತೆ ನಿತ್ಯಹೋಮದೊಡನೆ ಪವಿತ್ರಸ್ಥಾನದಲ್ಲಿ ಯೆಹೋವನಿಗೆ ‘ಶೇಖಾರ್’ ಪಾನದ್ರವ್ಯವಾಗಿ ಅರ್ಪಿತವಾಗುತ್ತಿತ್ತು. ಧರ್ಮೋಪದೇಶಕಾಂಡ 14:26ರಂತೆ, ದಶಮಾಂಶವನ್ನು ಹೊತ್ತುತರಲಾರದಷ್ಟು ದೂರದವನು ಹಣವನ್ನು ತಂದು ದನ, ಕುರಿ, ದ್ರಾಕ್ಷಾರಸ, ಮದ್ಯ ಏನನ್ನಾದರೂ ಕೊಂಡು ದೇವರ ಸನ್ನಿಧಿಯಲ್ಲಿ ಮನೆಯವರೊಂದಿಗೆ ಸಂತೋಷಿಸಬಹುದಾಗಿತ್ತು. ಆದರೆ ಊರಲ್ಲಿರುವ ಲೇವಿಯನನ್ನು ಮರೆಯಬಾರದಾಗಿತ್ತು. ಈ ಎರಡು ವಚನಗಳನ್ನು ಮರೆಮಾಡಿ ಕಟ್ಟಿದ ಬೋಧನೆಯು, ಅವುಗಳನ್ನು ಸಭಿಕನೊಬ್ಬನು ಓದಿದ ದಿನವೇ ಕುಸಿಯುತ್ತದೆ.

ಯೋಹಾನನು ಯಾರ ಸಾಲಿನವನು?

ಯೋಹಾನನು ನಾಜೀರನೆಂದು ಸಾಮಾನ್ಯವಾಗಿ ಬೋಧಿಸಲಾಗುತ್ತದೆ. ಸಂಸೋನನ ಮತ್ತು ಸಮುವೇಲನ ಜನನಕಥೆಗಳ ನೆರಳು ಲೂಕನ ಕಥೆಯ ಮೇಲೆ ಬಿದ್ದಿರುವುದು ನಿಜ. ಬಂಜೆಯಾದ ತಾಯಿ, ದೈವಪ್ರಕಟನೆ, ಗರ್ಭದಿಂದಲೇ ಮೀಸಲಾದ ಮಗು ಎಂಬ ಅಂಶಗಳು ಸಮಾನ. 1 ಸಮುವೇಲ 1:11ರ ಗ್ರೀಕ್ ಪಾಠದಲ್ಲಿ, ಇಬ್ರಿಯ ಪಾಠದಲ್ಲಿ ಇಲ್ಲದ ಒಂದು ಮಾತು ಸೇರಿ, ಮಗು ದ್ರಾಕ್ಷಾರಸವನ್ನೂ ಅಮಲಿನ ಪಾನೀಯವನ್ನೂ ಕುಡಿಯುವುದಿಲ್ಲವೆಂದು ಹನ್ನಳು ಹರಕೆ ಹೊರುತ್ತಾಳೆ. ಲೂಕನ ಓದುಗರು ಈ ಪ್ರತಿಧ್ವನಿಯನ್ನು ಕೇಳದೆ ಇರಲಾರರು.

ಆದರೂ ವ್ಯತ್ಯಾಸಗಳನ್ನು ಗಮನಿಸಬೇಕು. ನ್ಯಾಯಸ್ಥಾಪಕರು 13ರಲ್ಲಿ ಪಾನವರ್ಜನೆಯ ಆಜ್ಞೆ ತಾಯಿಗೆ. ಮಗನಿಗೆ ಹೇಳಿದ್ದು ಕೂದಲಿನ ನಿಯಮ. ಲೂಕನಲ್ಲಿ ಎಲಿಸಬೇತಳಿಗೆ ಯಾವ ನಿಯಮವೂ ಇಲ್ಲ. ಮಗನ ಕೂದಲಿನ ಮಾತಿಲ್ಲ. ‘ನಾಜೀರ’ ಎಂಬ ಪದವೇ ಇಲ್ಲ. ಇನ್ನೊಂದು ಕಡೆ, ತಂದೆ ಅಬೀಯನ ವರ್ಗದ ಯಾಜಕ, ತಾಯಿ ಆರೋನನ ವಂಶದವಳು, ಮಾತು ನಡೆದದ್ದು ದೇವಾಲಯದ ಒಳಗೆ. ಆರೋನನಿಗೆ ಕೊಟ್ಟ ಆಜ್ಞೆಯ ಪದಗಳೂ ದೂತನ ಪದಗಳೂ ಒಂದೇ. ಹೀಗೆ ನಾಜೀರನ ವ್ರತವೂ ಯಾಜಕನ ಎಚ್ಚರವೂ ಅರಣ್ಯದ ಅವಲಂಬನೆಯೂ ಈ ಒಬ್ಬನಲ್ಲಿ ಕೂಡಿಬಂದಿವೆ ಎಂದು ಹೇಳುವುದು ಪಾಠಕ್ಕೆ ಹೆಚ್ಚು ನಿಷ್ಠವಾದ ಮಾತು. ಯಾಜಕನಿಗೆ ಸೇವೆಯ ಹೊತ್ತಿನಲ್ಲಿ ಮಾತ್ರ ಇದ್ದ ನಿಯಮವು ಯೋಹಾನನಿಗೆ ಜೀವಮಾನದ ನಿಯಮವಾಯಿತು. ಅವನ ಜೀವಮಾನವೆಲ್ಲವೂ ಸೇವೆಯ ಹೊತ್ತು. ಗ್ರೀಕಿನಲ್ಲಿ ಇಲ್ಲಿ ಬರುವ ಎರಡು ನಿಷೇಧಾರ್ಥಕಗಳ ಜೋಡಣೆಯು ಭವಿಷ್ಯದ ವಿಷಯದಲ್ಲಿ ಅತ್ಯಂತ ದೃಢವಾದ ನಿರಾಕರಣೆಯನ್ನು ಸೂಚಿಸುತ್ತದೆ.

ಇದಕ್ಕಿಂತಲೂ ಮುಖ್ಯವಾದದ್ದು ವಚನದ ಮೂರನೆಯ ಭಾಗ. ಒಂದರಿಂದ ತುಂಬದವನು ಇನ್ನೊಂದರಿಂದ ತುಂಬಿದವನಾಗಿರುವನು. ಲೂಕನ ಎರಡನೆಯ ಗ್ರಂಥದಲ್ಲಿಯೂ ಪಂಚಾಶತ್ತಮದ ದಿನ ಆತ್ಮಭರಿತರನ್ನು ನೋಡಿದ ಜನರು ಹೊಸ ದ್ರಾಕ್ಷಾರಸದ ಅಮಲೆಂದು ಹಾಸ್ಯಮಾಡುತ್ತಾರೆ. ಎಫೆಸದವರಿಗೆ ಬರೆದ ಪತ್ರಿಕೆಯ 5:18 ಅದೇ ವೈದೃಶ್ಯವನ್ನು ಉಪದೇಶವಾಗಿ ಮಾರ್ಪಡಿಸುತ್ತದೆ. ಆದರೆ ಇಲ್ಲಿ ಕ್ರಮವನ್ನು ತಪ್ಪಿಸಬಾರದು. ಯೋಹಾನನು ಕುಡಿಯದೆ ಇದ್ದುದರಿಂದ ಆತ್ಮಭರಿತನಾದನೆಂದು ದೂತನು ಹೇಳಲಿಲ್ಲ. ಅವನು ಆತ್ಮಭರಿತನಾದದ್ದು ಗರ್ಭದಲ್ಲಿ. ಕುಡಿಯುವ, ಕುಡಿಯದಿರುವ ಆಯ್ಕೆಯೇ ಇಲ್ಲದಿದ್ದ ಕಾಲದಲ್ಲಿ. ಮರಿಯಳ ವಂದನೆಗೆ ಆ ಶಿಶು ಗರ್ಭದಲ್ಲಿ ನಲಿದಾಡಿದ್ದನ್ನು ಲೂಕನು ಅದೇ ಅಧ್ಯಾಯದಲ್ಲಿ ಬರೆದಿದ್ದಾನೆ. ಕೃಪೆ ಮೊದಲು, ವರ್ಜನೆ ಅನಂತರ. ವರ್ಜನೆಯು ಕೃಪೆಗೆ ಬೆಲೆಯಲ್ಲ, ಕೃಪೆಯ ಫಲ.

ಯೋಹಾನನೂ ಮನುಷ್ಯಕುಮಾರನೂ

ಲೂಕ 7:33-34ರಲ್ಲಿ ಯೇಸು ತನ್ನನ್ನೂ ಯೋಹಾನನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತಾನೆ. ಮತ್ತಾಯನು ಯೋಹಾನನು ತಿನ್ನದೆ ಕುಡಿಯದೆ ಬಂದನೆಂದಷ್ಟೇ ಬರೆದಿದ್ದರೆ, ಲೂಕನು ರೊಟ್ಟಿ, ದ್ರಾಕ್ಷಾರಸ ಎಂಬ ಎರಡು ಪದಗಳನ್ನು ಸ್ಪಷ್ಟವಾಗಿ ಹೆಸರಿಸುತ್ತಾನೆ. ಜನರು ವರ್ಜಿಸಿದವನನ್ನು ದೆವ್ವಹಿಡಿದವನೆಂದರು. ಉಂಡು ಕುಡಿದವನನ್ನು ಹೊಟ್ಟೆಬಾಕ, ಕುಡುಕ ಎಂದರು. ಯೇಸು ಯೋಹಾನನ ವ್ರತವನ್ನು ಹೀಗಳೆಯಲಿಲ್ಲ. ತನ್ನ ಸಹಪಂಕ್ತಿಯ ಭೋಜನಕ್ಕಾಗಿ ಕ್ಷಮೆಯನ್ನೂ ಕೇಳಲಿಲ್ಲ. ಜ್ಞಾನಕ್ಕೆ ಎರಡೂ ಬಗೆಯ ಮಕ್ಕಳಿದ್ದಾರೆ. ಅಷ್ಟೇ ಅಲ್ಲದೆ, ಕೊನೆಯ ರಾತ್ರಿ ಆತನೇ ದೇವರ ರಾಜ್ಯ ಬರುವವರೆಗೆ ದ್ರಾಕ್ಷೆಯ ಫಲವನ್ನು ಕುಡಿಯುವುದಿಲ್ಲವೆಂದು ನುಡಿದನು. ವರ್ಜಿಸುವವನು ಇನ್ನೂ ಬಾರದ ರಾಜ್ಯಕ್ಕಾಗಿ ಕಾಯುವವನು; ಪಾನಮಾಡುವವನು ಬಂದಿರುವ ಮದಲಿಂಗನಲ್ಲಿ ಹರ್ಷಿಸುವವನು.

ಸಭೆಯ ಅನುಭವ

ಯೆಹೂದ್ಯ ರಬ್ಬಿಗಳಲ್ಲಿಯೂ ಈ ತೂಗಾಟವಿತ್ತು. ನಾಜೀರನು ವ್ರತದ ಕೊನೆಯಲ್ಲಿ ಪಾಪಪರಿಹಾರಕ ಯಜ್ಞವನ್ನು ಏಕೆ ಅರ್ಪಿಸಬೇಕು ಎಂಬ ಪ್ರಶ್ನೆಗೆ, ರಬ್ಬಿ ಎಲಾಜಾರ್ ಹಕಪ್ಪಾರನು, ದ್ರಾಕ್ಷಾರಸವನ್ನು ತನಗೆ ತಾನೇ ನಿರಾಕರಿಸಿಕೊಂಡದ್ದೇ ಅವನ ದೋಷವೆಂದನು. ಅದಕ್ಕೆ ಪ್ರತಿಯಾಗಿ ಇನ್ನೊಬ್ಬ ರಬ್ಬಿಯು, ಶಾಸ್ತ್ರವೇ ಅವನನ್ನು ಪರಿಶುದ್ಧನೆಂದು ಕರೆದಿದೆಯಲ್ಲಾ ಎಂದನು. ತಲ್ಮೂದು ಎರಡೂ ಮಾತುಗಳನ್ನು ಉಳಿಸಿಕೊಂಡಿದೆ.

ಕ್ರೈಸ್ತ ಸಭೆಯ ಮೊದಲ ಶತಮಾನಗಳಲ್ಲಿ ಕೆಲವರು ದ್ರಾಕ್ಷಾರಸವನ್ನೇ ಕೆಟ್ಟದ್ದೆಂದು ತಿಳಿದು ಕರ್ತನ ಭೋಜನದ ಪಾತ್ರೆಯಲ್ಲಿ ನೀರನ್ನು ಇಟ್ಟರು. ಆಫ್ರಿಕದಲ್ಲಿ ನೀರನ್ನು ಮಾತ್ರ ಬಳಸುವ ಪದ್ಧತಿಯನ್ನು ಕಾರ್ಥೇಜಿನ ಬಿಷಪನಾದ ಸಿಪ್ರಿಯಾನನು 3ನೆಯ ಶತಮಾನದಲ್ಲಿ ದೀರ್ಘವಾದ ಪತ್ರವೊಂದರಲ್ಲಿ ಖಂಡಿಸಿದನು. ಸೃಷ್ಟಿಯನ್ನು ದೂಷಿಸುವ ವರ್ಜನೆಯನ್ನು ಸಭೆ ಒಪ್ಪಲಿಲ್ಲ. ಆದರೆ ಸೃಷ್ಟಿಯನ್ನು ದೂಷಿಸದ ವರ್ಜನೆಯನ್ನು ಅದು ಗೌರವಿಸಿತು. ಮೇಲೆ ಹೇಳಿದ ಪತ್ರದಲ್ಲಿ ಜೆರೋಮನು, ಬಲಿಪೀಠದ ಸೇವೆಯಲ್ಲಿರುವವರು ದ್ರಾಕ್ಷಾರಸವನ್ನೂ ‘ಸಿಕೇರಾ’ವನ್ನೂ ಬಿಡಬೇಕೆಂದು ನೆಪೋತಿಯಾನನಿಗೆ ಬುದ್ಧಿಹೇಳುತ್ತಾ, ದೇವರ ಸೃಷ್ಟಿಯನ್ನು ತಾನು ಖಂಡಿಸುತ್ತಿಲ್ಲವೆಂದೂ ಸೇರಿಸಿದನು. ಕರ್ತನನ್ನೇ ಕುಡುಕನೆಂದರು, ತಿಮೊಥೆಯನಿಗೆ ಔಷಧವಾಗಿ ಸ್ವಲ್ಪ ಅನುಮತಿ ಸಿಕ್ಕಿತು ಎಂಬುದನ್ನು ಅವನು ಮರೆಯಲಿಲ್ಲ.

ನಮ್ಮ ಕರಾವಳಿಯ ಸಭೆಗಳ ಇತಿಹಾಸದಲ್ಲಿಯೂ ಕಲಿಯಬೇಕಾದದ್ದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನ ಸಭೆಗಳಿಗೆ ಸೇರಿದವರಲ್ಲಿ ಕಳ್ಳು ಇಳಿಸುವ ಕುಲಕಸುಬಿನ ಬಿಲ್ಲವರು ಅನೇಕರಿದ್ದರು. ಮಿಷನ್ ಆ ಕಸುಬನ್ನು ಕ್ರೈಸ್ತರಿಗೆ ತಕ್ಕುದಲ್ಲವೆಂದು ಎಣಿಸಿತು. ಕಸುಬನ್ನು ಬಿಟ್ಟವನ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ನೇಯ್ಗೆಯ ಕಾರ್ಖಾನೆಗಳೂ, ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯೂ ಆ ಪ್ರಶ್ನೆಗೆ ಕೊಟ್ಟ ಉತ್ತರದ ಭಾಗವಾಗಿದ್ದವು. ಆ ತೀರ್ಪಿನ ಎಲ್ಲ ಅಂಶಗಳನ್ನು ನಾವು ಒಪ್ಪದಿರಬಹುದು. ಆದರೆ ತ್ಯಾಗವನ್ನು ಕೇಳುವ ಸಭೆಯು ತ್ಯಾಗಿಯ ಅನ್ನದ ಹೊಣೆಯಲ್ಲಿಯೂ ಪಾಲುಗೊಳ್ಳಬೇಕೆಂಬ ಪಾಠವು ಅದರಲ್ಲಿದೆ.

ನಮ್ಮ ಬೋಧನೆಗೆ

ಇಷ್ಟೆಲ್ಲ ವಿಚಾರಣೆಯ ಬಳಿಕ, ಮೊದಲು ಹೇಳಿದ ಆ ಮನೆಗೆ ಹಿಂದಿರುಗೋಣ. ಕೇಳಿದ ಗಂಡಸಿಗೆ ನಾವು ಸುಳ್ಳು ಹೇಳಬಾರದು. ಯೇಸುವು ಕಾನಾ ಊರಿನಲ್ಲಿ ಉಂಟುಮಾಡಿದ್ದು ದ್ರಾಕ್ಷಾರಸವೇ. ಮೋಶೆಯ ಧರ್ಮಶಾಸ್ತ್ರವು ಹಬ್ಬದ ಭೋಜನದಲ್ಲಿ ಮದ್ಯವನ್ನು ನಿಷೇಧಿಸಲಿಲ್ಲ. ಆದರೆ ಅದೇ ಧರ್ಮಶಾಸ್ತ್ರವು ಆ ಪಾತ್ರೆಯನ್ನು ದೇವರ ಸನ್ನಿಧಿಯಲ್ಲಿ, ಮನೆಯವರೆಲ್ಲರ ಸಂತೋಷಕ್ಕಾಗಿ, ಲೇವಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎತ್ತಲು ಹೇಳಿತು. ಮನೆಯವರು ಅಳುತ್ತಿರುವಾಗ, ಮಕ್ಕಳ ಶಾಲೆಯ ಹಣದಿಂದ ಕೊಂಡು, ಒಬ್ಬನೇ ಕುಡಿಯುವ ಪಾತ್ರೆಗೆ ಧರ್ಮೋಪದೇಶಕಾಂಡ 14ರಲ್ಲಿ ಯಾವ ಆಶ್ರಯವೂ ಇಲ್ಲ. ಅವನು ಹುಡುಕಬೇಕಾದ ವಚನ ಯೆಶಾಯನ 5ನೆಯ ಅಧ್ಯಾಯದಲ್ಲಿದೆ.

ಆ ಹೆಂಗಸಿಗೆ ನಾವು ಪದಕೋಶವನ್ನು ಕೊಟ್ಟು ಕಳುಹಿಸಬಾರದು. ಬಲಹೀನನಾದ ಸಹೋದರನಿಗೆ ಎಡವಟ್ಟಾಗುವುದಾದರೆ ಮಾಂಸವನ್ನೂ ದ್ರಾಕ್ಷಾರಸವನ್ನೂ ಬಿಡುವುದು ಒಳ್ಳೆಯದೆಂದು ಪೌಲನು ರೋಮಾಪುರದವರಿಗೆ ಬರೆದದ್ದು ಇಂಥ ಮನೆಗಳಿಗಾಗಿಯೇ. ಕುಡಿತದಿಂದ ಬಿಡುಗಡೆ ಹೊಂದಿದವನೊಬ್ಬನು ಸಾಲಿನಲ್ಲಿ ನಿಂತಿರುವನೆಂದು ಬಲ್ಲ ಸಭೆಯು ಕರ್ತನ ಭೋಜನದಲ್ಲಿ ಹುಳಿಯಿಸದ ದ್ರಾಕ್ಷಿಯ ರಸವನ್ನು ಬಳಸುವುದಾದರೆ, ಅದು ಸೃಷ್ಟಿಯನ್ನು ದೂಷಿಸಿ ನೀರಿನ ಪಾತ್ರೆ ಇಟ್ಟವರ ಹಾದಿಯಲ್ಲ, ಪ್ರೀತಿಯ ಹಾದಿ. ಮದ್ಯವ್ಯಸನವು ದೇಹವನ್ನೂ ಹಿಡಿಯುವ ರೋಗವಾಗಿರುವುದರಿಂದ, ವೈದ್ಯರ ಬಳಿಗೆ ಕರೆದೊಯ್ಯುವುದೂ ಸಭಾಪಾಲನೆಯೇ.

ಕೊನೆಯದಾಗಿ ನಮ್ಮನ್ನು ಕುರಿತು. ‘ಸಿಕೆರಾ’ ಎಂಬ ಪದವು ಪಂಚಗ್ರಂಥಗಳಲ್ಲಿ ಮೊಟ್ಟಮೊದಲು ಬರುವುದು ಯಾಜಕರನ್ನು ಕುರಿತ ಆಜ್ಞೆಯಲ್ಲಿ. ಪರಿಶುದ್ಧವನ್ನೂ ಸಾಧಾರಣವನ್ನೂ ವಿವೇಚಿಸಿ ಬೋಧಿಸಬೇಕಾದವನ ಮೇಲೆ ಆ ಹೊಣೆ ಮೊದಲು ಬಿದ್ದಿತು. ನಾವು ಇಡೀ ಸಭೆಗೆ ವರ್ಜನೆಯನ್ನು ಕಾನೂನಾಗಿ ವಿಧಿಸಲಾರೆವು. ಸತ್ಯವೇದವು ನಮಗೆ ಆ ಅಧಿಕಾರವನ್ನು ಕೊಟ್ಟಿಲ್ಲ. ಆದರೆ ನಾವೇ ಅದನ್ನು ಸ್ವಇಚ್ಛೆಯಿಂದ ಕೈಕೊಳ್ಳಬಹುದು. ಮಧ್ಯರಾತ್ರಿಯಲ್ಲಿ ಬಾಗಿಲು ತಟ್ಟುವ ಆ ಹೆಂಗಸಿಗೆ, ಬಾಗಿಲು ತೆರೆಯುವವನು ಸ್ವಸ್ಥಚಿತ್ತನಾಗಿರುವನೆಂಬ ಭರವಸೆ ಇರಬೇಕು. ಗರ್ಭದಿಂದಲೇ ಆತ್ಮಭರಿತನಾಗಿದ್ದವನೂ ಆ ಭರವಸೆಯನ್ನು ಕೊಡಲು ಪಾತ್ರೆಯನ್ನು ಕೆಳಗಿಟ್ಟನು.